ನಿಮ್ ಕಡಿ ಮಳಿ ಹ್ಯಾಂಗೈತ್ರೀ?

ಮಂತ್ರಾಲಯದ ಬಸ್ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಹಿರಿಯರು ಮೊದಲು ಕೇಳಿದ್ದು ಯಾವೂರು ಅಂತ. ಹೊಸನಗರ ಅಂದೆ. ಗೊತ್ತಾಗಲಿಲ್ಲ. ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ಪಕ್ಕ ಅಂದೆ. ತೀರ್ಥಹಳ್ಳಿ ಅಂದದ್ದೇ ತಡ, ಕೂತಲ್ಲೇ ನನ್ನ ಕಡೆ ಪೂರ್ತಿ ತಿರುಗಿದರು.

“ನಿಮ್ ಕಡಿ ಮಳಿ ಹ್ಯಾಂಗೈತ್ರೀ?”

ಜುಲೈ ತಿಂಗಳು, ಪುನರ್ವಸು ಮಳೆ. ನಾನು ನಮ್ಮ ಕಡೆಯ ಮಾಮೂಲಿ ರಾಗ ಎಳೆದೆ. ಹದಿನೈದು ದಿನದಿಂದ ಹೊಳವೇ ಇಲ್ಲ, ಅಡಿಕೆ ತೋಟಕ್ಕೆ ಕೊಳೆ ಬಿದ್ದಿದೆ, ಮೊದಲ ಸಲ ಹೊಡೆದ ಬೋರ್ಡೋ ದ್ರಾವಣ ಪೂರಾ ತೊಳೆದುಹೋಯಿತು, ಮರ ಜಾರುತ್ತದೆಂದು ಔಷಧಿ ಹೊಡೆಯುವವರು ಬರುತ್ತಿಲ್ಲ, ಒಂದು ವಾರ ನಿಂತರೆ ಸಾಕಪ್ಪ ಅನ್ನಿಸಿದೆ. ಹೊಳವು ಅಂದರೆ ಏನು ಎಂದು ಕೇಳಿದರು. ಬಿಡದೆ ಹುಯ್ಯುವ ಮಳೆಯ ನಡುವೆ ಸಿಗುವ ಬಿಡುವು ಎಂದು ವಿವರಿಸಿದೆ. ಮಳೆ ನಿಲ್ಲುವುದಕ್ಕೂ ಒಂದು ಹೆಸರಿಟ್ಟುಕೊಂಡ ಸೀಮೆ ಇದೆಯೆಂಬುದೇ ಅವರಿಗೆ ಹೊಸ ಸಂಗತಿ. ಊಟ ಹೆಚ್ಚಾಯಿತೆಂದು ದೂರುವವನನ್ನು ಪಂಕ್ತಿಗಾಗಿ ಕಾದು ನಿಂತವನು ನೋಡುವ ಹಾಗೆ ನನ್ನನ್ನು ನೋಡಿದರು.

“ನಿಂದ್ರಬಾರ್ದ್ರೀ,” ಅಂದರು. “ನಿಮ್ ಕಡಿ ನಿಂತ್ರ ನಮ್ಗ ನಾಟಿ ಇಲ್ಲ.”

ಮಾನ್ವಿ ತಾಲ್ಲೂಕಿನವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಾಲ್ಕು ಎಕರೆ ಗದ್ದೆ. ಕೊನೆಭಾಗ ಅನ್ನುವುದನ್ನು ಅವರು ಮನೆತನದ ಹೆಸರು ಹೇಳಿದಂತೆ ಹೇಳಿದರು. ಮೇಲಿನ ಗಂಗಾವತಿ, ಸಿಂಧನೂರಿನ ಕಡೆ ನೀರು ಎಳೆದುಕೊಂಡು ಮಿಕ್ಕದ್ದು ತಮಗೆ ಬರುತ್ತದೆ, ಕೆಲವು ವರ್ಷ ಅದೂ ಇಲ್ಲ ಎಂದರು. ಫೋನ್ ನಂಬರ್ ಕೇಳಿದರು, ಕೊಟ್ಟೆ. ಅವರ ಬಸ್ ಬಂತು.

ಆಮೇಲೆ ತುಂಗಭದ್ರಾ ಹೊಳೆಗೆ ಇಳಿದೆ. ಹೊಸಪೇಟೆಯ ಅಣೆಕಟ್ಟೆ ಇನ್ನೂ ತುಂಬಿರಲಿಲ್ಲ, ಗೇಟು ಎತ್ತಿರಲಿಲ್ಲ. ಹಾಗಾಗಿ ಮಂತ್ರಾಲಯದಲ್ಲಿ ಬಂಡೆಗಳ ನಡುವೆ ಮಂಡಿಯುದ್ದದ ನೀರು. ಈಚೆ ದಡ ಆಂಧ್ರಪ್ರದೇಶ, ಆಚೆ ದಡ ರಾಯಚೂರು ಜಿಲ್ಲೆ. ಮಿಂದು ಎದ್ದವರು ಒದ್ದೆ ಪಂಚೆಯಲ್ಲಿ ಹೊಳೆಯ ನಡುವಿನವರೆಗೂ ನಡೆದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾವ ಹೆಜ್ಜೆಗೆ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಯಿತೆಂದು ಹೇಳುವ ಕಲ್ಲು ಅಲ್ಲಿಲ್ಲ. ಮನೆಯಲ್ಲಿ ಅಂಗಳ ದಾಟಲು ಬಿಡದ ಮಳೆಯನ್ನು ಹಿಂದೆ ಬಿಟ್ಟು ಬಂದಿದ್ದ ನನಗೆ, ಅದೇ ನೀರು ಇಲ್ಲಿ ಇಷ್ಟು ಬಡವಾಗಿ ಎದುರಾದದ್ದು ಒಂದು ಥರ ಮುಜುಗರ ತಂದಿತು.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿಗೂ ಎರಡೆರಡು ಮುಖ. ಹಂಚಿನ ಮನೆಯ ಮಾಡಿನ ಹಾಗೆ ನೆತ್ತಿಯಿಂದ ಒಂದು ಇಳಿಜಾರು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಶರಾವತಿ ಹುಟ್ಟುವ ಅಂಬುತೀರ್ಥ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಪೇಟೆಯ ಮಗ್ಗುಲಲ್ಲೇ ತುಂಗೆ ಹರಿಯುತ್ತಾಳೆ. ಒಬ್ಬಳು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರಿದರೆ, ಇನ್ನೊಬ್ಬಳು ಕೂಡ್ಲಿಯಲ್ಲಿ ಭದ್ರೆಯನ್ನು, ಮುಂದೆ ಕೃಷ್ಣೆಯನ್ನು ಕೂಡಿಕೊಂಡು ಬಂಗಾಳ ಕೊಲ್ಲಿಗೆ. ಹೊಸನಗರ ತಾಲ್ಲೂಕಿನ ವಾರಾಹಿ, ಚಕ್ರಾ ಪಡುವಣದವು. ಅದೇ ತಾಲ್ಲೂಕಿನ ಹುಂಚದ ಬಳಿ ಹುಟ್ಟುವ ಕುಮುದ್ವತಿ ಮೂಡಣಕ್ಕೆ ಹೊರಟು ತುಂಗಭದ್ರೆಗೆ ಹೋಗುತ್ತಾಳೆ. ಸಾಗರ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಊರು ಎಂದೇ ಹೆಸರು. ಆದರೆ ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟುವ ವರದೆ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯ ಕೈ ಹಿಡಿಯುತ್ತಾಳೆ.

ಸಕಲೇಶಪುರದ ಕಡೆ, ಬಿಸಿಲೆಯ ಸಮೀಪ ಮಂಕನಹಳ್ಳಿಯಲ್ಲಿ ಬ್ರಿಟಿಷರ ಕಾಲದ ಒಂದು ಕಲ್ಲುಕಂಬವಿದೆ. ಇಲ್ಲಿಂದ ಈ ಕಡೆಯ ನೀರು ಅರಬ್ಬಿ ಸಮುದ್ರಕ್ಕೆ, ಆ ಕಡೆಯದು ಬಂಗಾಳ ಕೊಲ್ಲಿಗೆ ಎಂದು ಕೆತ್ತಿದ್ದಾರೆ. ನಮ್ಮ ಮೂರು ತಾಲ್ಲೂಕಿನಲ್ಲಿ ಅಂಥ ಕಲ್ಲನ್ನು ನಾನು ಕಂಡಿಲ್ಲ. ಇದ್ದಿದ್ದರೆ ಅದರ ಮೇಲೆ ಇನ್ನೊಂದು ಸಾಲನ್ನೂ ಕೆತ್ತಬೇಕಾಗುತ್ತಿತ್ತು: ಮೂಡಣಕ್ಕೆ ಬಿದ್ದ ಹನಿಗೆ ನಾಲ್ಕು ರಾಜ್ಯಗಳ ಲೆಕ್ಕವುಂಟು, ಪಡುವಣಕ್ಕೆ ಬಿದ್ದ ಹನಿಗೆ ಲೆಕ್ಕ ಕೇಳುವ ನೆರೆರಾಜ್ಯವೇ ಇಲ್ಲ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು, ನಡುವೆ ಒಂದು ಗೇಣು ಅಂತರ. ಒಂದು ನ್ಯಾಯಾಧಿಕರಣದ ಕಡತಕ್ಕೆ ಹೋಗುತ್ತದೆ, ಇನ್ನೊಂದು ವಿದ್ಯುತ್ ನಿಗಮದ ಖಾತೆಗೆ.

ನೀರನ್ನು ಅಳೆಯುವ ಸಲಕರಣೆ ನಮ್ಮ ಹೊಳೆಗೆ ಮೊದಲಿನಿಂದಲೂ ಇದೆ, ಕಲ್ಲಿನದು. ತೀರ್ಥಹಳ್ಳಿಯಲ್ಲಿ ಹೊಳೆಯೊಳಗಿನ ರಾಮಮಂಟಪ ಮುಳುಗಿತು ಅಂದರೆ ಊರಿಗೆ ಬೇರೆ ಅಂಕಿ ಬೇಕಿಲ್ಲ. ಅದೇ ನೀರು ಗಾಜನೂರು ದಾಟಿ ಶಿವಮೊಗ್ಗಕ್ಕೆ ಬಂದಾಗ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗುತ್ತದೆ, ಜನ ಸೇತುವೆ ಮೇಲೆ ಛತ್ರಿ ಹಿಡಿದು ನಿಲ್ಲುತ್ತಾರೆ. ಕೊನೆಗೆ ಹೊಸಪೇಟೆಯಲ್ಲಿ ಅಣೆಕಟ್ಟೆ ತುಂಬಿ ಗೇಟು ಎತ್ತಿದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ. ಮೂರು ಊರಿನ ಮೂರು ಮಂಟಪಗಳು ಒಂದೇ ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸಿದ ಹಾಗೆ. ರಾಮಮಂಟಪ ಮುಳುಗಿತೆಂದು ನಾವು ಕಂಗಾಲಾಗಿರುವ ಹೊತ್ತಿಗೆ ಮಾನ್ವಿಯಲ್ಲಿ ಸಸಿ ಮಡಿಗೆ ಬೀಜ ನೆನೆಹಾಕುತ್ತಾರೆ.

ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ಜನ ಮುಳುಗು ಹಾಕುವುದು ಯಾಕೆಂದು ಎಲ್ಲರಿಗೂ ಗೊತ್ತು. ತಾಯಿಯನ್ನು ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದರೂ ಹೋಗದೆ, ಇಲ್ಲಿ ಹೋಯಿತಂತೆ. ಚಿಕ್ಕವನಿದ್ದಾಗ ಈ ಕತೆ ಕೇಳಿ ನಾನು ಕೇಳಿದ್ದೆ, ಆ ರಕ್ತ ಆಮೇಲೆ ಎಲ್ಲಿಗೆ ಹೋಯಿತು ಅಂತ. ಅಜ್ಜಿ ಗದರಿದ್ದರು. ಈಗ ಯೋಚಿಸಿದರೆ ಮೇಲಿನ ದಡದವರ ಧರ್ಮವೆಲ್ಲ ಆ ಗದರಿಕೆಯಲ್ಲೇ ಇದೆ ಅನ್ನಿಸುತ್ತದೆ. ತೊಳೆದುಕೊಂಡವನಿಗೆ ಹೊಳೆ ಅಲ್ಲಿಗೆ ಮುಗಿಯಿತು, ಕೆಳಗೆ ಬೊಗಸೆ ಒಡ್ಡುವವನಿಗೆ ಅಲ್ಲಿಂದ ಶುರು. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹೆಮ್ಮೆಪಡುವ ನಾವು, ಕುಡಿಯುವ ಈ ನೀರಿಗೆ ಶಿವಮೊಗ್ಗದ ಚರಂಡಿ ಸೇರುವುದನ್ನು ಸೇತುವೆಯ ಮೇಲಿಂದಲೇ ನೋಡುತ್ತೇವೆ.

ಮೂಡಣದ ಇಳಿಜಾರಿನ ಕಾಗದಪತ್ರ ಬಹಳ ಹಳೆಯದು. 1892ರ ಫೆಬ್ರವರಿಯಲ್ಲಿ ಮದರಾಸು ಸರ್ಕಾರಕ್ಕೂ ಮೈಸೂರು ಸಂಸ್ಥಾನಕ್ಕೂ ಒಪ್ಪಂದವಾಯಿತು. ಪಟ್ಟಿಯಲ್ಲಿ ಹೆಸರಿಸಿದ ಹೊಳೆಗಳ ಮೇಲೆ ಮೈಸೂರು ಹೊಸ ನೀರಾವರಿ ಕಾಮಗಾರಿ ಮಾಡಬೇಕಾದರೆ ಮದರಾಸನ್ನು ಕೇಳಬೇಕು. ಕಾವೇರಿಯ ಜಗಳದಲ್ಲಿ ಈ ಒಪ್ಪಂದದ ಹೆಸರು ಕೇಳಿದವರು ಬಹಳ ಮಂದಿ. ಅದೇ ಪಟ್ಟಿಯಲ್ಲಿ ತುಂಗಭದ್ರಾ, ತುಂಗಾ, ಭದ್ರಾ ಹೆಸರುಗಳೂ ಇವೆ ಎಂಬುದು ನೆನಪಿರುವವರು ಕಡಿಮೆ. ತೀರ್ಥಹಳ್ಳಿಯಲ್ಲಿ ಬಟ್ಟೆ ಒಗೆಯುತ್ತಿದ್ದ ನೀರಿಗೆ ಆಗಲೇ ದೂರದ ಊರಿನಲ್ಲಿ ಒಬ್ಬ ಹಕ್ಕುದಾರನಿದ್ದ.

ಅದೇ ಹೊತ್ತಿಗೆ, 1895ರಲ್ಲಿ, ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್ ರಿಯೋ ಗ್ರಾಂಡೆ ನದಿಯ ವಿಷಯದಲ್ಲಿ ಒಂದು ಅಭಿಪ್ರಾಯ ಕೊಟ್ಟ. ನಮ್ಮ ನೆಲದಲ್ಲಿರುವ ನೀರನ್ನು ನಾವು ಹೇಗೆ ಬೇಕಾದರೂ ಬಳಸಬಹುದು, ಕೆಳಗಿನ ಮೆಕ್ಸಿಕೋಗೆ ಕಾನೂನಿನಂತೆ ನಾವೇನೂ ಕೊಡಬೇಕಾಗಿಲ್ಲ ಎಂಬುದು ಅದರ ತಿರುಳು. ಮೇಲಿನ ದಡದವರ ಮನಸ್ಸಿನ ಮಾತನ್ನು ಇಷ್ಟು ನಿಚ್ಚಳವಾಗಿ ಬೇರೆ ಯಾರೂ ಹೇಳಿರಲಾರರು. ತಮಾಷೆಯೆಂದರೆ, 1906ರಲ್ಲಿ ಅದೇ ಅಮೆರಿಕ ಒಪ್ಪಂದ ಮಾಡಿಕೊಂಡು ಮೆಕ್ಸಿಕೋಗೆ ಪ್ರತಿವರ್ಷ ನೀರು ಬಿಡಲು ಒಪ್ಪಿತು. ಹಕ್ಕು ಇದೆ ಅನ್ನುವುದಕ್ಕೂ ನೆರೆಯವನ ಜೊತೆ ಬದುಕುವುದಕ್ಕೂ ನಡುವೆ ಹನ್ನೊಂದು ವರ್ಷ ಬೇಕಾಯಿತು.

ತುಂಗಭದ್ರಾ ಅಣೆಕಟ್ಟೆಯ ಕತೆಯಲ್ಲಿ ನನಗೆ ಎಲ್ಲಕ್ಕಿಂತ ವಿಸ್ಮಯ ತರುವುದು ಅದಕ್ಕೆ ಸಹಿ ಹಾಕಿದವರ ಗತಿ. 1944ರಲ್ಲಿ ಮಾತುಕತೆ ಮುಗಿಸಿ ಒಪ್ಪಿಕೊಂಡವರು ಮದರಾಸು ಮತ್ತು ಹೈದರಾಬಾದ್. ಹೊಳೆಯ ಬಲಕ್ಕೆ ಹೊಸಪೇಟೆ, ಮದರಾಸಿನದು. ಎಡಕ್ಕೆ ಮುನಿರಾಬಾದ್, ನಿಜಾಮನದು. 1945ರಲ್ಲಿ ಕೆಲಸ ಶುರು, 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಬೇರೆಯಾಯಿತು, ಬಳ್ಳಾರಿ ಮೈಸೂರಿಗೆ ಬಂತು. ನೀರು ಹಂಚಲು ತುಂಗಭದ್ರಾ ಮಂಡಳಿ ಹುಟ್ಟಿದ್ದೂ ಆಗಲೇ. 1956ರಲ್ಲಿ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು, ಎಡದಂಡೆಯೂ ನಮ್ಮದಾಯಿತು. ಇವತ್ತು ಆ ಕಟ್ಟೆಯ ಎರಡೂ ತುದಿ ಕರ್ನಾಟಕದ ಮಣ್ಣಿನಲ್ಲಿವೆ. ಆದರೂ ಗೇಟಿನ ಉಸ್ತುವಾರಿ ಅಂತರರಾಜ್ಯ ಮಂಡಳಿಯದು. ಕರಾರು ಮಾಡಿಕೊಂಡ ಇಬ್ಬರೂ ಹೊಳೆಯ ದಡದಿಂದ ಎದ್ದುಹೋದರು, ಕರಾರು ಮಾತ್ರ ಉಳಿಯಿತು. 2014ರಲ್ಲಿ ತೆಲಂಗಾಣ ಬಂದು ಇನ್ನೊಬ್ಬ ಪಾಲುದಾರ ಸೇರಿದ. ರಾಯಚೂರು ಜಿಲ್ಲೆಯ ರಾಜೋಳಿಬಂಡದಲ್ಲಿ ಕಟ್ಟೆ ನಮ್ಮ ನೆಲದಲ್ಲಿದೆ, ಅಲ್ಲಿಗೆ ಮೀಸಲಾದ 17.1 ಟಿಎಂಸಿಯಲ್ಲಿ 15.9 ತೆಲಂಗಾಣದ್ದು. ರಾಜ್ಯ ಅನ್ನುವುದು ನಾವು ಅಂದುಕೊಂಡಷ್ಟು ಗಟ್ಟಿ ವಸ್ತುವಲ್ಲ. ಹೊಳೆಯ ಆಯಸ್ಸಿನೆದುರು ಅದು ಒಂದು ಮಳೆಗಾಲದ ಕಾಲುಸಂಕ.

ಟಿಎಂಸಿ ಈಗ ಕನ್ನಡದ್ದೇ ಪದ. ಕಾಲುವೆ ಬದಿಯ ಹೋಟೆಲಿನಲ್ಲಿ ಟೀ ಕುಡಿಯುವವನೂ ಬಳಸುತ್ತಾನೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಹೊಳೆಯಲ್ಲಿ 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಬಿಡದೆ ಹರಿದರೆ ಒಂದು ಟಿಎಂಸಿ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಾಧಿಕರಣ 1973ರಲ್ಲಿ ವರದಿ ಕೊಟ್ಟು 1976ರಲ್ಲಿ ಅಂತಿಮಗೊಳಿಸಿತು. ಕೃಷ್ಣಾ ಕಣಿವೆಯ 2,060 ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ತುಂಗಭದ್ರಾ ಅಣೆಕಟ್ಟೆಯ ಲೆಕ್ಕಕ್ಕೆ 230. ಅದರಲ್ಲಿ 18 ಟಿಎಂಸಿ ಆವಿಯಾಗಿ ಹೋಗುವ ನೀರು. ಆ ಆವಿಯನ್ನೂ ಪಾಲು ಮಾಡಿದ್ದಾರೆ: ಕರ್ನಾಟಕದ ಬಾಬ್ತು 12.5, ಆಂಧ್ರದ್ದು 5.5. ಸೂರ್ಯ ಕುಡಿದದ್ದನ್ನು ಯಾರ ಖಾತೆಗೆ ಹಾಕಬೇಕೆಂದು ಕೂತು ಬರೆದವರ ಬಗ್ಗೆ ನನಗೆ ನಗು ಬರುವುದಿಲ್ಲ. ಅಷ್ಟು ಜಾಗ್ರತೆ ಇಲ್ಲದಿದ್ದರೆ ಎಪ್ಪತ್ತು ವರ್ಷ ಒಂದೇ ಕಟ್ಟೆಯ ನೀರನ್ನು ಇಷ್ಟು ಕಡಿಮೆ ಸದ್ದಿನಲ್ಲಿ ಹಂಚಿಕೊಳ್ಳಲು ಆಗುತ್ತಿರಲಿಲ್ಲ.

ನನ್ನ ತೊಡಕು ಬೇರೆ ಕಡೆ ಇದೆ. ಆ 2,060 ಅನ್ನುವುದು ಶೇಕಡ 75ರ ಭರವಸೆಯ ನೀರು. ನೂರು ವರ್ಷದಲ್ಲಿ ಎಪ್ಪತ್ತೈದು ವರ್ಷ ಇಷ್ಟಾದರೂ ಬರುತ್ತದೆ ಎಂಬ ಲೆಕ್ಕ. ಅಂದರೆ ನಾಲ್ಕರಲ್ಲಿ ಮೂರು ವರ್ಷಕ್ಕೆ ನ್ಯಾಯ ಹೇಳಿ ಆಗಿದೆ. ಜಗಳ ನಡೆಯುವುದು ನಾಲ್ಕನೆಯ ವರ್ಷದಲ್ಲಿ. ನೀರನ್ನು ಪಾಲು ಮಾಡುವುದು ಒಂದು ವಿದ್ಯೆ, ಇಲ್ಲದ ನೀರನ್ನು ಪಾಲು ಮಾಡುವುದು ಪೂರಾ ಬೇರೆ ವಿದ್ಯೆ. ಎರಡನೆಯದಕ್ಕೆ ಗಣಿತ ಸಾಲುವುದಿಲ್ಲ. ಎದುರಿನವನ ಗದ್ದೆಯನ್ನು ಕಣ್ಣಿಂದ ನೋಡಿರಬೇಕಾಗುತ್ತದೆ.

ನಮ್ಮ ಮನೆಯ ಪಾಲುಪಟ್ಟಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನನ್ನ ಅಜ್ಜ ಮತ್ತು ಅವರ ತಮ್ಮ ಹಿಸ್ಸೆಯಾದಾಗ ಬರೆದದ್ದು. ತೋಟ ಗುಂಟೆ ಲೆಕ್ಕದಲ್ಲಿ, ಗದ್ದೆ ಗುಂಟೆ ಲೆಕ್ಕದಲ್ಲಿ, ಹಂಡೆ, ಕೊಳದಪ್ಪಲೆ, ಎಮ್ಮೆ, ಮಂಚ ಎಲ್ಲ ಹೆಸರು ಹಿಡಿದು ಇವೆ. ಅಬ್ಬಿ ನೀರಿಗೆ ಬಂದಾಗ ಮಾತ್ರ ಆ ಕಾಗದದ ಭಾಷೆ ಬದಲಾಗುತ್ತದೆ. ಗುಡ್ಡದ ಒರತೆಯಿಂದ ದೊಡ್ಡಜ್ಜನ ಕಾಲಕ್ಕೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ ಇಳಿದುಬರುವ ನೀರು ಅದು. ಅದಕ್ಕೆ ಅಳತೆ ಬರೆದಿಲ್ಲ. ಹೊತ್ತು ಬರೆದಿದ್ದಾರೆ, ಒಂದು ದಿನ ಇವರಿಗೆ, ಒಂದು ದಿನ ಅವರಿಗೆ. ಎಷ್ಟು ಬರುತ್ತದೋ ಅಷ್ಟು. ಮಾಘದಲ್ಲಿ ಕೈತೋಳಿನ ಗಾತ್ರ, ಏಪ್ರಿಲಿನಲ್ಲಿ ಕಿರುಬೆರಳು. ಕಿರುಬೆರಳಾದಾಗ ಎರಡೂ ಮನೆಗೆ ಕಿರುಬೆರಳೇ. ಯಾರ ಪಾಲೂ ಕಡಿಮೆಯಾಗಲಿಲ್ಲ, ಕೊರತೆಯೂ ತಾನಾಗಿ ಹಿಸ್ಸೆಯಾಯಿತು.

ಇದನ್ನೇನೂ ಸತ್ಯಯುಗ ಎಂದು ಹೇಳುತ್ತಿಲ್ಲ. ರಾತ್ರಿ ಹೋಗಿ ಪೈಪು ತಪ್ಪಿಸಿದ್ದು, ಬೆಳಿಗ್ಗೆ ಬೇಲಿಯಂಚಿನಲ್ಲಿ ಬೈದಾಡಿದ್ದು, ಎರಡು ವರ್ಷ ಮಾತು ಬಿಟ್ಟದ್ದು ಎಲ್ಲ ನಡೆದಿದೆ. ಹಾಗಿದ್ದೂ ಅಬ್ಬಿಗೆ ಕಸ ಕಟ್ಟಿದ ದಿನ ಮಾತು ಬಿಟ್ಟ ಎರಡೂ ಮನೆಯವರು ಕತ್ತಿ ಹಿಡಿದು ಒಟ್ಟಿಗೇ ಗುಡ್ಡ ಹತ್ತಬೇಕಿತ್ತು. ಮಾತಿಲ್ಲದೆ ಹತ್ತಿ, ಮಾತಿಲ್ಲದೆ ಬಿಡಿಸಿ, ಮಾತಿಲ್ಲದೆ ಇಳಿಯುತ್ತಿದ್ದರು. ಮೂಲ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು ಎಂಬುದೊಂದೇ ಅಲ್ಲಿಯ ದೊಡ್ಡ ಸಂಗತಿ. ರಾಜ್ಯಗಳ ಹಂಚಿಕೆಯಲ್ಲಿ ಹಾಗಲ್ಲ, ಲೆಕ್ಕದ ಕಾಲಂ ಶುರುವಾಗುವುದು ನೀರು ಅಣೆಕಟ್ಟೆಗೆ ಬಂದ ಮೇಲೆ. ‘ಒಳಹರಿವು’ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಆ ಒಂದು ಪದದ ಹಿಂದೆ ಆಗುಂಬೆಯ ಕಾಡು, ಮಾಲತಿ ಹೊಳೆ, ಹುಂಚದ ಗುಡ್ಡ, ವರದಾಮೂಲದ ಕಲ್ಯಾಣಿ ಎಲ್ಲ ಅಡಗಿ ಕೂತಿವೆ. ಅವಕ್ಕೆ ಪಾಲೂ ಇಲ್ಲ, ಪ್ರಶ್ನೆಯೂ ಇಲ್ಲ.

ಈಗ ಪಡುವಣಕ್ಕೆ ಮುಖ ತಿರುಗಿಸುತ್ತೇನೆ. ಇಲ್ಲಿ ನನ್ನ ಮಾತಿನ ಧಾಟಿಯೇ ಬದಲಾಗುವುದನ್ನು ಓದುವವರು ಗಮನಿಸಬಹುದು. ನಾನೂ ಗಮನಿಸಿಕೊಂಡಿದ್ದೇನೆ.

ಶರಾವತಿ ಒಂದೇ ರಾಜ್ಯದ ಹೊಳೆ ಎಂದು ಪಾಠದಲ್ಲಿ ಓದಿದ್ದೇವೆ. 1956ರವರೆಗೆ ಅದು ನಿಜವಾಗಿರಲಿಲ್ಲ. ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಜೋಗದ ಬಳಿ ಹೊಳೆಯೇ ಗಡಿ. ಜೋಗದಲ್ಲಿ ಇಂದಿಗೂ ಮೈಸೂರು ಬಂಗಲೆ, ಬಾಂಬೆ ಬಂಗಲೆ ಎಂಬ ಹೆಸರುಗಳಿವೆ. ಎರಡು ಸರ್ಕಾರಗಳ ಸಾಹೇಬರು ಒಂದೇ ಜಲಪಾತವನ್ನು ಎದುರುಬದುರು ಕೂತು ನೋಡಿದ ಜಾಗಗಳು. ಒಂದು ಸಂಜೆ ಬಾಂಬೆ ಬಂಗಲೆಯ ಕಡೆಯಿಂದ ನಿಂತು ಈಚೆ ನೋಡಿದ್ದೆ. ನಮ್ಮ ಕಡೆ ನಿಂತರೆ ಕಾಣುವ ಜೋಗವಲ್ಲ ಅದು, ತಲೆಯ ಮೇಲಿಂದ ಬಗ್ಗಿ ನೋಡಿದ ಹಾಗೆ. ನೀರು ಜಿಗಿಯುವ ಮುಂಚೆ ಬಂಡೆಯ ಅಂಚಿನಲ್ಲಿ ಒಂದು ಕ್ಷಣ ನುಣ್ಣಗೆ ಬಾಗುವುದು ಆ ಕಡೆಯಿಂದಷ್ಟೇ ನನಗೆ ಕಂಡಿತು. ರಾಜ್ಯಗಳ ಪುನರ್ವಿಂಗಡಣೆಯ ಒಂದು ಗೆರೆ ಅತ್ತಿತ್ತ ಸರಿದಿದ್ದರೆ ಶರಾವತಿಗೂ ಒಂದು ನ್ಯಾಯಾಧಿಕರಣ, ಒಂದು ಮಂಡಳಿ, ಆವಿಗೂ ಒಂದು ಕಾಲಂ ಇರುತ್ತಿತ್ತು.

ಮಂಡಳಿ ಇಲ್ಲವೆಂದ ಮಾತ್ರಕ್ಕೆ ಹಂಚಿಕೆ ನಡೆಯಲಿಲ್ಲ ಎಂದಲ್ಲ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆಯ ನೀರಿನಿಂದ ಜೋಗದಲ್ಲಿ ವಿದ್ಯುತ್ ಬಂತು. 1964ರಲ್ಲಿ ಲಿಂಗನಮಕ್ಕಿ ಎದ್ದು ಆ ಅಣೆಕಟ್ಟೆಯನ್ನೇ ಮುಳುಗಿಸಿತು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಹಳೆಯ ಕಟ್ಟೆ ತನ್ನ ಸೈಫನ್‌ಗಳ ಸಮೇತ ಮೇಲೆದ್ದು ನಿಲ್ಲುತ್ತದೆ, ಜನ ಬೈಕು ಹಾಕಿಕೊಂಡು ನೋಡಲು ಹೋಗುತ್ತಾರೆ. 1,819 ಅಡಿಯ ಗರಿಷ್ಠ ಮಟ್ಟ, ಸುಮಾರು 151 ಟಿಎಂಸಿ ನೀರು, ಕೆಳಗೆ 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ. ಇಷ್ಟೂ ಸಾಲದೆಂದು ಕುಂದಾಪುರದ ಕಡಲಿಗೆ ಹೊರಟಿದ್ದ ಚಕ್ರಾ ಹೊಳೆಯ ನೀರನ್ನು ಚಕ್ರಾ, ಸಾವೆಹಕ್ಕಲು ಜಲಾಶಯಗಳಲ್ಲಿ ಹಿಡಿದು ಲಿಂಗನಮಕ್ಕಿಗೆ ತಿರುಗಿಸಿದರು. ದಕ್ಷಿಣದ ರಾಜ್ಯಗಳೆಲ್ಲ ಒಂದೇ ಗ್ರಿಡ್‌ನಲ್ಲಿವೆ. ಹೊಳೆ ಗಡಿ ದಾಟಲಿಲ್ಲ, ಅದರ ಬಲ ತಂತಿಯಲ್ಲಿ ದಾಟಿತು.

ಮುಳುಗಿದ ಊರಿನವರಿಗೆ ಏನು ಸಿಕ್ಕಿತೆಂದು ಮತ್ತೆ ಬರೆಯುವುದಕ್ಕೆ ಬೇಸರವಾಗುತ್ತದೆ, ಆದರೂ ಬರೆಯದೆ ವಿಧಿಯಿಲ್ಲ. ಲಾರಿಯಲ್ಲಿ ತಂದು ಕಾಡಂಚಿಗೆ ಇಳಿಸಿದ ಕುಟುಂಬಗಳ ಮೊಮ್ಮಕ್ಕಳು ಅರವತ್ತು ವರ್ಷ ಕಳೆದ ಮೇಲೂ ಹಕ್ಕುಪತ್ರಕ್ಕಾಗಿ ಮೆರವಣಿಗೆ ಹೋಗುತ್ತಿದ್ದಾರೆ. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರಿಗೆ ಲಾಂಚೇ ರಸ್ತೆಯಾಗಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಸ್ಪತ್ರೆಯೂ ತಪ್ಪಿದಂತೆ, ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಆ ಹಿನ್ನೀರು ದಾಟುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ಸಾಗರದಲ್ಲೇ ಬಾಳಿದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದು ಈ ನೀರಿನ ತಳವನ್ನು ಕನ್ನಡಕ್ಕೆ ತೋರಿಸಿದರು. ಆ ಸೇತುವೆ ತೆರೆಯುವ ಆರು ತಿಂಗಳ ಹಿಂದೆ, ಜನವರಿಯಲ್ಲಿ ತೀರಿಕೊಂಡರು.

ಹೀಗಿರುವಾಗ 2019ರಲ್ಲಿ ಲಿಂಗನಮಕ್ಕಿಯಿಂದ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ 30 ಟಿಎಂಸಿ ಕುಡಿಯುವ ನೀರು ಒಯ್ಯುವ ಮಾತು ಎದ್ದಿತು. ಮಲೆನಾಡು ಕೆರಳಿತು. ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು, ಅಂಗಡಿ ಬಾಗಿಲುಗಳು ತಾವಾಗಿ ಮುಚ್ಚಿದವು. ನಾನೂ ಮಳೆಯಲ್ಲಿ ಛತ್ರಿ ಹಿಡಿದು ಸಾಗರದ ಬೀದಿಯಲ್ಲಿ ನಡೆದೆ. ಒಂದು ಹನಿಯನ್ನೂ ಬಿಡೆವು ಎಂದು ಎಲ್ಲರ ಜೊತೆ ಕೂಗಿದೆ. ಕೂಗುವಾಗ ಅದರಲ್ಲಿ ಒಂದಿಷ್ಟೂ ಸುಳ್ಳು ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ತನ್ನ ಕೆರೆಗಳನ್ನು ಸೈಟು ಮಾಡಿ ಮಾರಿಕೊಂಡ ನಗರ, ಬೇರೆಯವರ ಹೊಳೆಗೆ ಕೈಯಿಡುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಆದರೆ ಆ ರಾತ್ರಿ ಒಂದು ಮಾತು ನಿದ್ದೆ ಬಿಡಿಸಿತು. ಒಂದು ಹನಿಯನ್ನೂ ಬಿಡೆವು ಎಂಬ ಕೂಗನ್ನು ನಾನು ಮೊದಲು ಕೇಳಿದ್ದು ಎಲ್ಲಿ? ಟಿವಿಯಲ್ಲಿ, ಎರಡು ರಾಜ್ಯಗಳ ಗಡಿಯಲ್ಲಿ, ಎರಡು ಭಾಷೆಗಳಲ್ಲಿ. ಮೂಡಣಕ್ಕೆ ತಿರುಗಿದಾಗ ನಾನು ನಾಲ್ಕು ರಾಜ್ಯಗಳಲ್ಲಿ ಒಂದರ ಪ್ರಜೆ. ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕಿ ಚಿತ್ರದುರ್ಗ, ತುಮಕೂರಿನ ಬಯಲಿಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ ಕೆಳಗಿನ ರಾಜ್ಯದವರು ತಕರಾರು ತೆಗೆದರೆ ನನಗೆ ಸಿಟ್ಟು ಬರುತ್ತದೆ, ಬರದ ಸೀಮೆಗೆ ಕುಡಿಯಲು ಕೊಟ್ಟರೆ ಇವರದೇನು ಗಂಟು ಹೋಗುತ್ತದೆ ಅಂತ. ಪಡುವಣಕ್ಕೆ ತಿರುಗಿದ ಕೂಡಲೇ ಕುಡಿಯಲು ಕೇಳಿದವನಿಗೇ ಇಲ್ಲ ಅನ್ನುತ್ತೇನೆ. ನಿಂತ ನೆಲ ಒಂದೇ, ನೆತ್ತಿಯ ಮೇಲೆ ಬೀಳುವ ಮಳೆಯೂ ಒಂದೇ. ಮುಖ ತಿರುಗಿದ್ದಷ್ಟೇ ಬೇರೆ. ಎರಡು ಕಡೆಗೂ ನನ್ನ ಹತ್ತಿರ ಒಳ್ಳೆಯ ವಾದಗಳಿವೆ. ಅದೇ ಕಾರಣಕ್ಕೆ ಈಚೆಗೆ ಒಳ್ಳೆಯ ವಾದ ಅಂದರೆ ನನಗೆ ಸ್ವಲ್ಪ ಅಂಜಿಕೆ.

ಕಟ್ಟಿದವರು ತುಂಗಭದ್ರೆಯ ಅಣೆಕಟ್ಟೆಗೆ ಸುಮಾರು 133 ಟಿಎಂಸಿ ಹಿಡಿಸುತ್ತದೆ ಅಂದಿದ್ದರು. ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ನೀರಿಗೆ ಮೂವರು ಪಾಲುದಾರರಿದ್ದಾರೆ, ಆವಿಗೂ ಇದ್ದಾರೆ, ಹೂಳು ನನ್ನ ಪಾಲಿನದು ಅನ್ನುವವರು ಒಬ್ಬರೂ ಇಲ್ಲ. ಆ ಹೂಳು ಎಲ್ಲೋ ಮೇಲೆ ಗುಡ್ಡದ ಮಣ್ಣಾಗಿತ್ತು. ಮನೆ ಹಿಂದಿನ ಧರೆಯನ್ನು ಜೆಸಿಬಿಯಲ್ಲಿ ಕಡಿಸಿ ತೋಟ ಹೆಚ್ಚು ಮಾಡಿದವರಲ್ಲಿ ನಾನೂ ಒಬ್ಬ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿದದ್ದನ್ನು ಜಗುಲಿಯಲ್ಲಿ ಕೂತು ನೋಡಿದ್ದೇನೆ. ಆ ಹಳ್ಳ ಕುಮುದ್ವತಿಗೆ ಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಕಟ್ಟೆ ತುಂಬಿ ನಿಂತಿದ್ದ ಹೊತ್ತು. ಒಂದೇ ಬಾಯಿಂದ ಹೋಗುವ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಮೂರು ರಾಜ್ಯಗಳ ಪಾಲು ಯಾರ ಪಾಲು ಎಷ್ಟೆಂಬ ಭೇದವಿಲ್ಲದೆ ಒಟ್ಟಿಗೇ ಹೊಳೆಗೆ ಹೋಯಿತು. ಆಮೇಲೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳ್ತನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದ್ದು ಎಲ್ಲರೂ ಕಂಡದ್ದೇ.

ನಿಲ್ಲಿಸುವ ಮೊದಲಿನ ಮಾತು ಇದು. ಹನ್ನೊಂದರ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಮಾನ್ವಿಯವರು. ನಾಟಿ ಮುಗಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

“ಚೈನ್ ಹರದೈತಂತ್ರೀ. ನೀರೆಲ್ಲ ಹೊಂಟೈತಿ,” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ ಕಡಿ ಮಳಿ ಹ್ಯಾಂಗೈತ್ರೀ?” ಅಂದರು.

ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಬಂದೆ. ಎಷ್ಟೋ ದಿನಗಳ ನಂತರ ಬಿಸಿಲು ಬಿದ್ದಿತ್ತು. ಕಲ್ಲಿನ ಪಾವಟಿಗೆಯಿಂದ ಹಬೆ ಏಳುತ್ತಿತ್ತು. ಕೊಟ್ಟಿಗೆಯ ಪಕ್ಕ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿಟ್ಟಿದ್ದೆ, ಸುಣ್ಣದ ನೀರು ಸೋಸಿ ಆಗಿತ್ತು, ದೋಟಿ ಗೋಡೆಗೆ ಒರಗಿತ್ತು, ಔಷಧಿ ಹೊಡೆಯುವವರು ಆಗಷ್ಟೇ ಬಂದು ಟೀ ಕುಡಿಯುತ್ತಿದ್ದರು. ಬೆಳಿಗ್ಗೆ ಎದ್ದು ಆಕಾಶ ನೋಡಿ ದೇವರಿಗೆ ಕೈಮುಗಿದಿದ್ದೆ. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

“ಹೊಳವಾಗಿದೆ,” ಅಂದೆ.

ಆ ಕಡೆ ಎತ್ತಿನ ಗಂಟೆ ಕೇಳಿಸಿತು, ಯಾರೋ ಯಾರನ್ನೋ ಕೂಗಿದರು. ಆ ಪದ ಅವರಿಗೆ ನೆನಪಿತ್ತು.

“ಹಂಗಾರ ಔಷಧಿ ಹೊಡಕೊಳ್ರೀ ಲಗೂನ,” ಅಂದರು.